ಆರು ಪ್ರಶ್ನಾರ್ಥಕ ಚಿಹ್ನೆ

ಆ ಬೆಳಿಗ್ಗೆಯೂ ಎಂದಿನಂತೆ ಡೈರಿಯಿಂದ ಹಾಲು ತಂದು ಕಾಯಿಸಿ, ಅತ್ತೆಯವರನ್ನು ದಿಂಬಿಗೆ ಒರಗಿಸಿ ಕೂರಿಸಿ, ರಾಗಿ ಗಂಜಿಯನ್ನು ಚಮಚದಲ್ಲಿ ಕುಡಿಸಿದೆ. ಲಕ್ವ ಹೊಡೆದು ಮಾತು ನಿಂತ ಮೇಲೆ ಅವರ ಬಾಯಿಯ ಎಡಮೂಲೆಯಿಂದ ಗಂಜಿ ಜಾರುತ್ತದೆ. ಒರೆಸಲು ನನ್ನ ಹೆಗಲ ಮೇಲೆ ಯಾವಾಗಲೂ ಒಂದು ಮೆತ್ತನೆ ಬಟ್ಟೆ ಇರುತ್ತದೆ.

ಮಗಳ ಹೆರಿಗೆಗೆ ಎರಡು ವಾರವಿತ್ತು. ನನ್ನ ಎರಡೂ ಬಾಣಂತನಕ್ಕೆ ಅತ್ತೆ ಕುಟ್ಟಿಕೊಟ್ಟ ಬಾಣಂತಿ ಖಾರವನ್ನೇ ಅವಳಿಗೂ ಮಾಡಬೇಕಿತ್ತು. ಹಿಂದಿನ ವರ್ಷ, ಮಾತಿದ್ದಾಗ, ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಳತೆ ಹೇಳಿದ್ದರು. ನಾನು ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡಿದ್ದೆ. ಕಾನ್ವೆಂಟಿನಲ್ಲಿ ಓದಿದ ನನಗೆ ಕನ್ನಡ ಟೈಪಿಂಗ್ ನಿಧಾನ. "ನೀ ತಿದ್‌ಬ್ಯಾಡ, ನಾನೇಳ್ದಂಗೇ ಬರಿ" ಎನ್ನುತ್ತಿದ್ದರು.

ಅದನ್ನು ಅಚ್ಚು ಹಾಕಿಸಿ ಮಗಳಿಗೆ ಕೊಡೋಣವೆಂದು ಪಾಂಡವಪುರದ ಜೆರಾಕ್ಸ್ ಅಂಗಡಿಯಾಕೆಗೆ ಫೋನ್ ಮಾಡಿದೆ.

"ನಮ್ದು ಹಳೇ ಸಾಫ್ಟ್‌ವೇರು ಮೇಡಂ. ಆನ್ಸೀಲಿ ಸೇವ್ ಮಾಡಿ ಕಳ್ಸಿ."

ಸೇವ್ ಮಾಡುವಲ್ಲಿ, ಅಕ್ಷರಗಳನ್ನು ಯಾವ ಸಂಕೇತದಲ್ಲಿ ಉಳಿಸಬೇಕೆಂದು ಆರಿಸಲು, ಎನ್‌ಕೋಡಿಂಗ್ ಎಂಬ ಪಟ್ಟಿಯಿತ್ತು. ಯುಟಿಎಫ್-೮ ಇದ್ದದ್ದನ್ನು ಆನ್ಸಿ ಮಾಡಿದೆ. ಕೆಲವು ಅಕ್ಷರಗಳು ನಷ್ಟವಾಗುತ್ತವೆ ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿ ಬಂತು. ಈ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಓದಿದೆ. ಸಾಲಿನ ಕೊನೆಯ ಪೂರ್ಣವಿರಾಮದವರೆಗೂ ಓದಿ, ಓಕೆ ಒತ್ತಿದೆ.

ಮತ್ತೆ ತೆರೆದಾಗ ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆ. ನಾನು ಇಂಗ್ಲಿಷ್ ಅಂಕಿಯಲ್ಲಿ ಬರೆದಿದ್ದ ಅಳತೆಗಳು ಮಾತ್ರ ಉಳಿದಿದ್ದವು. ಎಷ್ಟು ಎಂಬುದಿದೆ, ಯಾವುದು ಎಂಬುದಿಲ್ಲ.

ಅತ್ತೆಯನ್ನು ಬಿಟ್ಟು ಪಾಂಡವಪುರದವರೆಗೆ ಹೋಗುವಂತಿಲ್ಲ. ಕಿಟಕಿಯ ಪಕ್ಕದ ಮೇಜಿಗೆ ಅಂಟಿಕೊಂಡೇ ಕೂತೆ. ಸೆಟ್ಟಿಂಗ್ಸಿನಲ್ಲಿ ಪ್ರದೇಶ, ಭಾಷೆ ಹುಡುಕಿ, ಯೂನಿಕೋಡ್ ಅಲ್ಲದ ಪ್ರೋಗ್ರಾಮುಗಳಿಗೂ ಕನ್ನಡವೇ ಇರಲೆಂದು ಆರಿಸಿ, ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಹಾಗೇ ಇತ್ತು. ಮತ್ತೆ ಯುಟಿಎಫ್-೮ ಮಾಡಿದೆ. ಹಾಗೇ ಇತ್ತು.

ಅಂಗಡಿಯಾಕೆಗೆ ಇನ್ನೊಮ್ಮೆ ಫೋನ್ ಮಾಡಿದೆ. "ಅಕ್ಸರದ ಜಾಗ್ದಲ್ಲಿ ಪೆಟ್ಗೆ ಪೆಟ್ಗೆ ಬಂದಿದ್ರೆ ಸರಿ ಮಾಡ್ಬೋದಿತ್ತು ಮೇಡಂ, ಅಕ್ಸರ ಒಳ್ಗಡೆ ಇರ್ತದೆ. ಪ್ರಶ್ನೆ ಚಿಹ್ನೆ ಬಂತು ಅಂದ್ರೆ ಒಳ್ಗೇ ಏನಿಲ್ಲ. ಇನ್ನೊಂದ್ ಕಾಪಿ ಇಲ್ವಾ?"

ಇರಲಿಲ್ಲ. ಅದೇ ಫೈಲಿನ ಮೇಲೇ ಉಳಿಸಿದ್ದೆ.

ಆಮೇಲೆ ಒಂದೊಂದು ಹೆಸರಿನ ಜಾಗದಲ್ಲಿ ಎಷ್ಟು ಚಿಹ್ನೆ ಇವೆಯೆಂದು ಎಣಿಸಲು ಶುರುಮಾಡಿದೆ. ಗೊತ್ತಿದ್ದ ಹೆಸರುಗಳನ್ನು ಹೊಸ ಫೈಲಿನಲ್ಲಿ ಬರೆದು, ಬೇಕೆಂದೇ ಅದೇ ತಪ್ಪು ಮಾಡಿ, ಯಾವುದಕ್ಕೆ ಎಷ್ಟು ಚಿಹ್ನೆ ಬರುತ್ತದೆಂದು ನೋಡಿದೆ. ಅಕ್ಷರಕ್ಕೊಂದು, ಗುಣಿತಕ್ಕೂ ಒಂದು ಚಿಹ್ನೆ, ಒತ್ತಿಗೆ ಎರಡು. ಓಮ ಎರಡೇ ಚಿಹ್ನೆ, ತಕ್ಷಣ ಸಿಕ್ಕಿತು. ಮೆಣಸು, ಶುಂಠಿ ಎರಡೂ ಐದೈದು, ಪುಣ್ಯಕ್ಕೆ ಎರಡರ ಅಳತೆಯೂ ಒಂದೇ. ಜೀರಿಗೆ ಆರು. ಹಿಪ್ಪಲಿ ಏಳು.

ಆದರೆ ಹಾಳಾದ ಫೈಲಿನಲ್ಲಿ ಏಳು ಚಿಹ್ನೆಯ ಹೆಸರೇ ಇರಲಿಲ್ಲ. ಆರರವು ಎರಡಿದ್ದವು.

ಸ್ವಲ್ಪ ಹೊತ್ತು ತಿಳಿಯಲಿಲ್ಲ. ಆಮೇಲೆ ಅತ್ತೆಯ ದನಿ ಕಿವಿಗೆ ಬಂತು: "ಇಪ್ಪಲಿ." ಅವರು ಹೇಳಿದಂತೆಯೇ ಬರೆದಿದ್ದೆ, ಹಕಾರವಿಲ್ಲದೆ. ಜೀರಿಗೆಯಂತೆ ಅದೂ ಆರೇ. ಒಂದರ ಮುಂದೆ 8, ಇನ್ನೊಂದರ ಮುಂದೆ 1. ನಮ್ಮ ಮನೆಯ ಖಾರದಲ್ಲಿ ಹಿಪ್ಪಲಿಯ ಘಾಟು ಮುಂದಾಗಿಯೇ ಇರುತ್ತಿತ್ತು. ಆದರೆ ಎಂಟು ಚಮಚವೇ? ಹಸಿ ಬಾಣಂತಿಯ ಹೊಟ್ಟೆಗೆ ಹೋಗುವುದು. ಊಹೆಯ ಮೇಲೆ ಹೇಗೆ ಹಾಕಲಿ?

ಅತ್ತೆಯ ಮುಂದೆ ಜೀರಿಗೆ, ಹಿಪ್ಪಲಿಯ ಎರಡು ಬಟ್ಟಲು ಹಿಡಿದೆ. "ಇದು ಎಂಟಾ ಅತ್ತೆ?" ಹೌದೆಂಬಂತೆ ತಲೆಯಾಡಿಸಿದರು. ಬಟ್ಟಲು ಬದಲಿಸಿದೆ. "ಇದಾ?" ಅದಕ್ಕೂ ತಲೆಯಾಡಿಸಿದರು. ಬಾಯಿಯ ಮೂಲೆ ಒರೆಸಿ ಬಟ್ಟಲುಗಳನ್ನು ಹಿಂದಕ್ಕೆ ತಂದೆ.

ಸಂಜೆ ಪಕ್ಕದ ಮನೆಯಾಕೆ ಕರಿಬೇವು ಕೀಳಲು ಹಿತ್ತಲಿಗೆ ಬಂದರು. ಹೋದ ವರ್ಷ ಅವರ ಸೊಸೆಯ ಬಾಣಂತನವೂ ಆಗಿತ್ತು. ಏನೂ ಆಗಿಲ್ಲವೆಂಬಂತೆ ಕೇಳಿದೆ, "ಅತ್ತೆ ನಿಮಗೆ ಖಾರದ ಅಳತೆ ಹೇಳಿದ್ರಾ?"

ಅವರು ಎಲೆ ಬಿಡಿಸುತ್ತಲೇ ನಕ್ಕರು.

"ಎಲ್ಲೇಳುದ್ರು ಕಣಕ್ಕ! ಎರಡ್ ಸಲ ಕೇಳ್ದೆ. 'ನನ್ಯಾಕ್ ಕೇಳೀಯೆ, ನನ್ ಸೊಸೆ ಕಂಪ್ಯೂಟ್ರಲ್ಲಿ ಆಕಿ ಮಡಗವ್ಳೆ, ಇನ್ನೆಲ್ಲೋದದು' ಅಂದ್ಬುಟ್ರು."