ಅಕ್ಕನ ಕೆನ್ನೆಗೆ ತಾಗದ ಬ್ಯಾಟರಿ

ಡ್ರೋನ್ ಬ್ಯಾಟರಿಯನ್ನು ಬೆಚ್ಚಗಿಡುವುದೊಂದೇ ಅಕ್ಕ ನನಗೆ ಒಪ್ಪಿಸಿದ್ದ ಕೆಲಸ. ಅದನ್ನು ನಾನು ಮಾಡಲಿಲ್ಲ. ಮಾಡಿದೆನೆಂದು ಸುಳ್ಳು ಹೇಳಿದೆ.

ಅಕ್ಕ ಸುಮಾ, ಆಕ್ಲೆಂಡಿನ ದಕ್ಷಿಣಕ್ಕಿರುವ ಪಾಮರ್ಸ್ಟನ್ ನಾರ್ತ್‌ನಲ್ಲಿ ನರ್ಸ್. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಊರಿನಿಂದ ಕರೆಸಿಕೊಂಡು ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಕೊಡಿಸಿದವಳೂ ಅವಳೇ. ರಜೆ ಸಿಕ್ಕರೆ ಅವಳಿಗೆ ಕ್ಯಾಮೆರಾ ಡ್ರೋನ್ ಹಾರಿಸುವ ಹುಚ್ಚು. ಚಳಿಗಾಲದಲ್ಲಿ ಬ್ಯಾಟರಿ ಹಾಕುವ ಮುಂಚೆ, ಮಗುವಿನ ಜ್ವರ ನೋಡುವ ಹಾಗೆ, ಅದನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದಳು.

“ಚಳಿಗೆ ಇದು ಸುಳ್ಳು ಹೇಳುತ್ತೆ ಕಣೋ. ಫುಲ್ ಅಂತ ತೋರ್ಸಿ, ಮೇಲೆ ಹೋದ್ಮೇಲೆ ಕೈ ಕೊಡುತ್ತೆ. ಸ್ವೆಟರ್ ಒಳಗೇ ಇಟ್ಕೋ.”

೨೦೧೬ರ ಜುಲೈನಲ್ಲಿ, ಅಲ್ಲಿನ ಚಳಿಗಾಲದ ನಡುವೆ, ಟೈಹಾಪೆ ಊರಿನ ಹತ್ತಿರ ಪರಿಚಯದ ರೈತನೊಬ್ಬನ ಕುರಿಗಳು ಹಿಮದಲ್ಲಿ ಸಿಕ್ಕಿಕೊಂಡವು. ಡ್ರೋನ್ ಹಾರಿಸಿ ಹುಡುಕಿಕೊಡಲು ಹೊರಟೆವು. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ, ಪಕ್ಕೆಗೆ ಒತ್ತುತ್ತದೆಂದು ಬ್ಯಾಟರಿ ತೆಗೆದು ಪಿಕಪ್ ಗಾಡಿಯ ತೆರೆದ ಹಿಂಭಾಗದಲ್ಲಿದ್ದ ಚೀಲಕ್ಕೆ ಹಾಕಿದೆ.

ಕಣಿವೆಯ ಅಂಚಿನಲ್ಲಿ ಅದನ್ನು ಅವಳ ಕೈಗಿಟ್ಟೆ. ಕೈಗೆ ಗವಸು ತೊಟ್ಟು, ಮುಖಕ್ಕೆಲ್ಲ ಮಫ್ಲರ್ ಸುತ್ತಿಕೊಂಡಿದ್ದಳು. ಬಿಚ್ಚುವ ಬದಲು ನನ್ನನ್ನೇ ಕೇಳಿದಳು.

“ಬೆಚ್ಚಗಿದ್ಯೇನೋ?”

“ಹೂಂ ಅಕ್ಕ, ಬಿಸಿ ದೋಸೆ ಥರ ಇದೆ.”

ಡ್ರೋನ್ ಕಣಿವೆಯ ಮೇಲಕ್ಕೆ ಹಾರಿತು. ಅರ್ಧ ಚಾರ್ಜ್ ತೋರಿಸುತ್ತಿದ್ದ ರಿಮೋಟಿನ ಪರದೆ ಒಮ್ಮೆಲೇ ಕೆಂಪಾಗಿ ಸೊನ್ನೆಗಿಳಿಯಿತು. ಡ್ರೋನ್ ಕೆಳಗಿನ ಇಳಿಜಾರಿಗೆ ಕಲ್ಲಿನಂತೆ ಬಿತ್ತು. “ನೀನಿಲ್ಲೇ ಇರು,” ಎಂದು ಅಕ್ಕ ಇಳಿದಳು. ನಾಲ್ಕೇ ಹೆಜ್ಜೆ. ಹುಲ್ಲಿನ ಮೇಲೆ ಗಾಜಿನಂತೆ ಕಟ್ಟಿದ್ದ ಮಂಜುಗಡ್ಡೆ ಅವಳನ್ನು ಎಳೆದೊಯ್ದಿತು. ಅವಳ ಕೂಗಿಗಿಂತ ಆ ಕೂಗು ನಿಂತದ್ದೇ ನನ್ನನ್ನು ಹೆಚ್ಚು ಹೆದರಿಸಿತು.

ಕೂತೇ ತೆವಳಿಕೊಂಡು ಇಳಿದೆ. ಅವಳ ಕಾಲು ಮುರಿದಿತ್ತು. ಸಹಾಯಕ್ಕೆ ಫೋನ್ ಮಾಡಿ, ಹೆಲಿಕಾಪ್ಟರ್ ಬರುವವರೆಗೆ ಅವಳನ್ನು ನನ್ನ ಜಾಕೆಟ್ಟಿನೊಳಗೆ ಎಳೆದುಕೊಂಡು ಕೂತೆ. ತುಟಿ ನೀಲಿಯಾಗುತ್ತಿತ್ತು.

“ಮಾತಾಡ್ತಿರು ಅಕ್ಕ.”

“ಬ್ಯಾಟರಿ ಥರ ಇಟ್ಕೊಂಡಿದ್ದೀಯಲ್ಲೋ,” ಎಂದು ನಡುಗುತ್ತಲೇ ನಕ್ಕಳು. ಆಮೇಲೆ ಕಣ್ಣು ಮುಚ್ಚಿದಳು. ಉಸಿರಿದೆಯೇ ಎಂದು ಅವಳ ಮೂಗಿನ ಹತ್ತಿರ ನನ್ನ ಕೆನ್ನೆ ಹಿಡಿದೆ. ಮತ್ತೆ ಹಿಡಿದೆ. ಮತ್ತೆ.

ಬದುಕಿದಳು. ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಡ್ರೋನ್ ಮತ್ತೆ ಮುಟ್ಟಲಿಲ್ಲ. ಕೇಳಿದವರಿಗೆಲ್ಲ ಒಂದೇ ಮಾತು: “ನಂದೇ ತಪ್ಪು. ಕೆನ್ನೆಗಿಟ್ಟು ನೋಡ್ಬೇಕಿತ್ತು.” ಎರಡು ವರ್ಷ ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

ವಾರ್ಡಿನಲ್ಲಿ ನಿಲ್ಲಲಾಗದೆ ಅವಳು ಮೈಸೂರಿಗೆ ವಾಪಸ್ ಹೊರಟಳು. ಆಕ್ಲೆಂಡ್ ಏರ್‌ಪೋರ್ಟಿನಲ್ಲಿ ಊರುಗೋಲು ಹಿಡಿದು ಸಾಲಿಗೆ ಸೇರುವಾಗ ಅವಳ ತೋಳು ಹಿಡಿದೆ.

“ಏನೋ, ಅಳ್ತಿದ್ದೀಯಾ? ಟೈಮಾಯ್ತು, ಬಿಡು.”

“ಅಕ್ಕ, ಅವತ್ತು ಬ್ಯಾಟರಿ ತಣ್ಣಗಿತ್ತು. ನಂಗೆ ಗೊತ್ತಿತ್ತು. ತಪ್ಪು ನಿಂದಲ್ಲ, ನಂದು. ಕ್ಷಮಿಸು.”