ಪೈಲ್ವಾನ ಮೈ ಹಿಡಿದದ್ದು

ಮೊದಲು ಉಬ್ಬಿದ್ದು ಮುಖ. ಬೆಳಿಗ್ಗೆ ಏಳುವಾಗ ನಮ್ಮ ಯಜಮಾನರ ಕಣ್ಣಿನ ಕೆಳಗೆ ಮೆತ್ತಗೆ ಊದಿಕೊಂಡಿರುತ್ತಿತ್ತು. ಹೊತ್ತು ಏರಿದ ಹಾಗೆ ಇಳಿಯುತ್ತಿತ್ತು. ಕೆನ್ನೆ ತುಂಬಿಕೊಂಡವು. ಬೆರಳಿನ ಉಂಗುರ ಬಿಗಿಯಾಯಿತು.

ನಾವು ಖುಷಿಪಟ್ಟೆವು.

ಬೇರೆಯವರ ಮನೆಯಲ್ಲಾಗಿದ್ದರೆ ಹೆದರುತ್ತಿದ್ದರೇನೋ. ನಮ್ಮದು ಪೈಲ್ವಾನರ ಮನೆ. ಯಜಮಾನರು ಹಳಿಯಾಳ ಸೀಮೆಯ ಕುಸ್ತಿ ಕಣಗಳಲ್ಲಿ ಹೆಸರು ಮಾಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಕುಸ್ತಿ ಬಿಟ್ಟು, ನಮ್ಮ ತೇರಗಾಂವದ ಗರಡಿಮನೆಯಲ್ಲಿ ಮಕ್ಕಳಿಗೆ ಪಟ್ಟು ಕಲಿಸುವ ವಸ್ತಾದರಾದರು. ಗರಡಿಯವರು ಆರೋಗ್ಯವನ್ನು ಕಣ್ಣಿನಿಂದಲೇ ತೂಗುತ್ತಾರೆ. ಮೈ ತುಂಬಿದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು. ಅದರಾಚೆಗೆ ಪರೀಕ್ಷೆ ಇಲ್ಲ.

ನಾನು ಹಿಟ್ಟಿನ ಗಿರಣಿ ನಡೆಸುತ್ತೇನೆ. ಜೋಳ ಬೀಸಿಸಲು ಬಂದ ಹೆಂಗಸರು ಜಗುಲಿಯ ಮೇಲೆ ಕುಳಿತ ಯಜಮಾನರನ್ನು ನೋಡಿ, "ಪೈಲ್ವಾನ್ರು ಮತ್ತ ಮೈ ಹಿಡದಾರಲ್ರಿ" ಅನ್ನುತ್ತಿದ್ದರು. ನನಗೂ ಹೆಮ್ಮೆ. ನನ್ನ ಕೈಯಡುಗೆಯ ಗುಣ ಎಂದುಕೊಂಡು ಹಾಲಿನ ಅಳತೆ ಹೆಚ್ಚಿಸಿದೆ. ಅರೆದ ಬಾದಾಮಿ, ಗಟ್ಟಿ ಹಾಲು, ಮೇಲೊಂದು ಚಮಚ ತುಪ್ಪ. ಕುಸ್ತಿಯವರ ಈ ಆಹಾರಕ್ಕೆ ನಮ್ಮಲ್ಲಿ ಖುರಾಕು ಅನ್ನುತ್ತಾರೆ. ಯಜಮಾನರು ಕುಸ್ತಿ ಬಿಟ್ಟರೂ ಖುರಾಕು ಬಿಟ್ಟಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಊಟ ಮಾಡುವವರು ಅವರು, ಮಾತಾಡುವವಳು ನಾನು. ಬಲ್ಲವರು ಇಬ್ಬರೂ ಅಲ್ಲ.

ಒಂದು ದಿನ ಬೆಳಿಗ್ಗೆ ಅವರು ಹಾಲಿನ ಲೋಟವನ್ನು ದೂರ ತಳ್ಳಿದರು.

"ವಾಸನಿ ಬ್ಯಾಡಾಗೇತಿ," ಎಂದರು. ಎದ್ದು ಹೋಗಿ ಹಿತ್ತಲಲ್ಲಿ ವಾಂತಿ ಮಾಡಿಕೊಂಡರು. ಮದುವೆಯಾಗಿ ಬಂದಾಗಿನಿಂದ ಆ ಮನುಷ್ಯ ಹಾಲು ಬೇಡ ಎಂದದ್ದನ್ನು ನಾನು ಕೇಳಿರಲಿಲ್ಲ. ಉಬ್ಬಿದ ಮುಖ ನೋಡಿ ಹೆದರದ ನಾನು ಆ ತುಂಬಿದ ಲೋಟ ನೋಡಿ ಹೆದರಿದೆ.

ಊರಿಗೆ ಬರುವ ಆರೋಗ್ಯ ಕೇಂದ್ರದ ಸಿಸ್ಟರ್ ಬೀಪಿ ನೋಡಲು ಪಟ್ಟಿ ಕಟ್ಟಿದರು. ತೋಳು ದಪ್ಪ, ಪಟ್ಟಿ ಸಣ್ಣದು; ಗಾಳಿ ತುಂಬುತ್ತಿದ್ದಂತೆ ಚರ್ರನೆ ಬಿಚ್ಚಿಕೊಂಡಿತು. ಯಜಮಾನರು ನಕ್ಕರು. ಪೈಲ್ವಾನನಿಗೆ ಎಲ್ಲಿಯ ಬೀಪಿ ಎಂದರು. ಸಿಸ್ಟರ್ ನಗಲಿಲ್ಲ. ಮಾರನೆಯ ದಿನ ದೊಡ್ಡ ಪಟ್ಟಿ ತಂದು ಮತ್ತೆ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನು ಒಳಗೆ ಕರೆದು, ತಡಮಾಡದೆ ಹಳಿಯಾಳದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಹಳಿಯಾಳದವರು ರಕ್ತ, ಮೂತ್ರ ಪರೀಕ್ಷೆ ಮಾಡಿ ಧಾರವಾಡಕ್ಕೆ ಕಳಿಸಿದರು. ಧಾರವಾಡದಲ್ಲಿ ಸ್ಕ್ಯಾನಿಂಗ್ ಆಯಿತು.

ಕಿಡ್ನಿ ಎರಡೂ ಕುಗ್ಗಿ ಸಣ್ಣಗಾಗಿದ್ದವು.

ಡಾಕ್ಟರ್ ವಯಸ್ಸಿನಲ್ಲಿ ಸಣ್ಣವರು, ಸಮಾಧಾನದ ಹೆಣ್ಣುಮಗಳು. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರಿದರೆ ಏನಾಗುತ್ತದೆ ಎಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಬೀಪಿ ಬಹಳ ವರ್ಷಗಳಿಂದ ಇದ್ದಿರಬೇಕು, ಅದು ನೋಯುವುದಿಲ್ಲ, ಹಾಗಾಗಿ ಗೊತ್ತಾಗುವುದಿಲ್ಲ ಎಂದರು. ಆಮೇಲೆ ಯಾವ ಯಾವ ಮಾತ್ರೆ ತಗೊಳ್ಳುತ್ತೀರಿ ಎಂದು ಕೇಳಿದರು. ಯಾವುದೂ ಇಲ್ಲ ಎಂದು ನಾನು ಹೇಳುತ್ತಿರುವಾಗಲೇ ಯಜಮಾನರು ಅಂಗಿಯ ಜೇಬಿನಿಂದ ಒಂದು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಮೊಣಕಾಲಿನ ನೋವಿಗೆ ಮೆಡಿಕಲ್ ಶಾಪಿನಿಂದ ತರುತ್ತಿದ್ದ ಪೇನ್ ಕಿಲ್ಲರ್. ಅದು ನನಗೂ ಗೊತ್ತಿದ್ದದ್ದೇ. ಆದರೆ ಅದನ್ನು ನಾವು ಮಾತ್ರೆಯ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಎಲೆಯಡಿಕೆಯ ಹಾಗೆ ಜೇಬಿನಲ್ಲಿರುತ್ತಿತ್ತು.

"ದಿನಾ ತಗೋತಿದ್ರೇನು?"

"ದಿನಾ ಎರಡು. ಗರಡಿಗೆ ಹೋಗೂ ದಿನ ಮೂರು," ಎಂದರು, ಶಾಲೆಯ ಹುಡುಗನ ಹಾಗೆ.

ಡಾಕ್ಟರ್ ಆ ಸ್ಟ್ರಿಪ್ ತಿರುಗಿಸಿ ನೋಡಿದರು. ಮೇಲೇರಿದ ಬೀಪಿ ಒಂದು ಕಡೆ, ಈ ಮಾತ್ರೆ ಇನ್ನೊಂದು ಕಡೆ. ಎರಡೂ ಸೇರಿ ಕೆಲಸ ಕೆಡಿಸಿವೆ ಎಂದರು. ಕೆಟ್ಟ ಕಿಡ್ನಿಗೆ ಈಗ ಬಾದಾಮಿ ಹಾಲಿನ ಹೊರೆ ಬೇರೆ. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಡಯಾಲಿಸಿಸ್; ಅದಕ್ಕೂ ಮೊದಲೇ ಹೃದಯಕ್ಕೆ ಏನಾದರೂ ಆಗಬಹುದು. ನಾನು ನೇರವಾಗಿ ಕೇಳಿದೆ, ಸಾಯುತ್ತಾರೇನು ಎಂದು. ಅವರೂ ನೇರವಾಗಿಯೇ ಹೇಳಿದರು.

"ನಾ ಕೊಡೂ ಔಷಧ ಅರ್ಧ ಕೆಲಸ ಮಾಡತಾವ್ರಿ. ಉಳಿದ ಅರ್ಧ ನಿಮ್ಮ ಅಡಗಿಮನ್ಯಾಗ ಐತಿ."

ಆ ಮಾತು ನನಗೆ ಧೈರ್ಯ ಕೊಟ್ಟಿತು. ಅಡುಗೆಮನೆ ಅಂದರೆ ನನ್ನ ಸೀಮೆ. ಅಲ್ಲಿ ಯಾರ ಆಟವೂ ನಡೆಯುವುದಿಲ್ಲ.

ಮನೆಗೆ ಬಂದವಳೇ ಉಪ್ಪಿನಕಾಯಿಯ ಭರಣಿಗಳನ್ನು ತಂಗಿಯ ಮನೆಗೆ ಸಾಗಿಸಿದೆ. ಹಪ್ಪಳ, ಸಂಡಿಗೆ ಹೋದವು. ಉಪ್ಪನ್ನು ಚಿಟಿಕೆಗೆ ಇಳಿಸಿದೆ. ಹಾಲು, ಬೇಳೆ ಅಳತೆಗೆ ಬಂದವು. ಬಾಳೆಹಣ್ಣು, ಎಳನೀರು ಕೂಡದು. ಅವುಗಳಲ್ಲಿರುವ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಂತೀತು ಎಂದು ಡಾಕ್ಟರ್ ಎರಡೆರಡು ಸಲ ಹೇಳಿದ್ದರು. ಕಷ್ಟವೆಂದರೆ ನಮ್ಮ ಮಗಳು ಸವಿತಾ ಹಳಿಯಾಳದ ಹಾಸ್ಟೆಲಿನಲ್ಲಿದ್ದು ಕುಸ್ತಿ ಕಲಿಯುತ್ತಾಳೆ. ರಜೆಗೆ ಬಂದರೆ ಅವಳಿಗೆ ಹಾಲು, ಬಾದಾಮಿ ಬೇಕು. ಅವಳು ತಿನ್ನಬಹುದೇ ಎಂದು ಡಾಕ್ಟರನ್ನು ಕೇಳಿಕೊಂಡೇ ಬಂದಿದ್ದೆ. ಗಟ್ಟಿ ಕಿಡ್ನಿಯ, ದಿನಾ ಬೆವರು ಸುರಿಸುವ ಹುಡುಗಿ, ಧಾರಾಳವಾಗಿ ತಿನ್ನಲಿ. ಆದರೆ ಅಪ್ಪನಿಗೆ ಬೀಪಿ ಇದೆಯೆಂದ ಮೇಲೆ ಅವಳೂ ಆಗಾಗ ಬೀಪಿ ನೋಡಿಸಿಕೊಳ್ಳಲಿ ಎಂದಿದ್ದರು. ಹಾಗಾಗಿ ಒಂದೇ ಒಲೆಯ ಮೇಲೆ ಎರಡು ಅಡುಗೆ. ಒಬ್ಬರಿಗೆ ಬಲ ಕೊಡುವ ಹಾಲು ಇನ್ನೊಬ್ಬರಿಗೆ ಭಾರ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಹಾಲು ಎಲ್ಲರಿಗೂ ಒಳ್ಳೆಯದು ಎಂದು ನಂಬಿ ಬೆಳೆದವಳು ನಾನು.

ನಾನು ಅಡುಗೆಮನೆ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಜಗುಲಿಯಲ್ಲಿ ಸೋಲತೊಡಗಿದೆ.

ಸುದ್ದಿ ಹಬ್ಬಿತು. ಮಂದಿ ಮಾತಾಡಿಸಲು ಬಂದರು. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವ ರೂಢಿ ನಮ್ಮಲ್ಲಿಲ್ಲ. ಅದರಲ್ಲೂ ಇವರು ಪೈಲ್ವಾನರು. ಎಳನೀರು ಬಂದವು, ಬಾಳೆಗೊನೆ ಬಂತು, ತುಪ್ಪದ ಡಬ್ಬಿ, ಖರ್ಜೂರ, ಬಾದಾಮಿ ಬಂದವು. ನಾನು ನಗುತ್ತಲೇ ತೆಗೆದುಕೊಂಡು ಒಳಗಿಡುತ್ತಿದ್ದೆ, ಅವರು ಹೋದ ಮೇಲೆ ಅಂಗನವಾಡಿಗೆ ಕಳಿಸುತ್ತಿದ್ದೆ. ಕೆಲವರು ಅಷ್ಟಕ್ಕೇ ಬಿಡುತ್ತಿರಲಿಲ್ಲ. ತಮ್ಮೆದುರೇ ಕುಡಿಯಲಿ ಎಂದು ಕೂರುತ್ತಿದ್ದರು. ಪ್ರೀತಿಯಿಂದ ಬರುವವರನ್ನು ತಡೆಯುವುದು ಕಷ್ಟ. ಕಳ್ಳರಾದರೆ ಬಾಗಿಲು ಹಾಕಿಕೊಳ್ಳಬಹುದು.

ಒಂದು ಭಾನುವಾರ ತುಕಾರಾಮ ವಸ್ತಾದರು ಬಂದರು.

ಹಳಿಯಾಳದವರು, ನಮ್ಮ ಯಜಮಾನರ ಗುರು. ಎಂಬತ್ತು ದಾಟಿದೆ, ಬೆನ್ನು ಇನ್ನೂ ನೆಟ್ಟಗಿದೆ. ಯಜಮಾನರು ಎಳೆಯ ವಯಸ್ಸಿನಲ್ಲಿ ಅವರ ಗರಡಿ ಸೇರಿ, ಅವರ ಮನೆಯಲ್ಲೇ ಉಂಡು ಬೆಳೆದವರು. ಅಜ್ಜ ಬಸ್ಸಿಳಿದು ಕೈಚೀಲ ಹಿಡಿದುಕೊಂಡು ನಡೆದು ಬಂದಿದ್ದರು. ನೇರ ಅಡುಗೆಮನೆಗೆ ಬಂದು, ನೆನೆಸಿ ತಂದಿದ್ದ ಬಾದಾಮಿಯನ್ನು ತಾವೇ ಕಲ್ಲಿನ ಮೇಲೆ ಅರೆದರು. ನಾನು ಬೇಡ ಅಜ್ಜಾರ, ಡಾಕ್ಟರ್ ಬೇಡ ಅಂದಾರ ಎಂದೆ. ಕೇಳಿಸಿತೋ ಇಲ್ಲವೋ. ಹಾಲಿಗೆ ಕಲಸಿ ಲೋಟ ಹಿಡಿದು ಜಗುಲಿಗೆ ಹೋದರು. ಗರಡಿಯ ಮಂದಿಯೆಲ್ಲ ಅಲ್ಲಿ ಸೇರಿದ್ದರು.

ಗರಡಿಯಲ್ಲಿ ಗುರು ಕೈಯಾರೆ ಕೊಟ್ಟದ್ದನ್ನು ಶಿಷ್ಯ ಬೇಡ ಅನ್ನುವುದಿಲ್ಲ. ಯಜಮಾನರು ಎರಡೂ ಕೈ ಚಾಚಿ ಲೋಟ ತೆಗೆದುಕೊಂಡರು. ನನ್ನ ಕಡೆ ನೋಡಲಿಲ್ಲ. ಗೊತ್ತಿಲ್ಲದೆ ಕುಡಿಯುವವರಲ್ಲ ಅವರು, ಗೊತ್ತಿದ್ದೂ ಕುಡಿಯುವವರು. ಒಂದು ಲೋಟದಿಂದ ಜೀವ ಹೋಗುವುದಿಲ್ಲ, ನಿಜ. ಆದರೆ ಈ ಒಂದನ್ನು ಕುಡಿಯಲು ಬಿಟ್ಟರೆ ನಾಳೆಯಿಂದ ಯಾರನ್ನೂ ತಡೆಯಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೋಗಿ ಅವರ ಕೈಯಿಂದ ಲೋಟ ತೆಗೆದುಕೊಂಡೆ.

"ಅಜ್ಜಾರ, ನೀವು ಕೊಟ್ರ ಇವರು ಒಲ್ಲೆ ಅನ್ನಂಗಿಲ್ಲ," ಎಂದೆ. "ವಿಷಾ ಕೊಟ್ರೂ ಕುಡೀತಾರ. ಅದಕ ಇವರಿಗೆ ಹೇಳೂದು ಬಿಟ್ಟು ನಿಮಗ ಕೈ ಮುಗೀತೇನಿ. ಕೊಡಬ್ಯಾಡ್ರಿ."

ಅಜ್ಜನ ಮುಖ ಕಪ್ಪಿಟ್ಟಿತು.

"ನನ್ನ ಕೈಯಾಗ ಬೆಳದ ಮೈ ಅದು, ತಂಗಿ. ಅದಕ್ಕ ಏನು ಬೇಕಂತ ನನಗ ಗೊತ್ತಿಲ್ಲೇನು?"

ಚೀಲ ತೆಗೆದುಕೊಂಡು ಎದ್ದರು. ನೀರು ಕೂಡ ಮುಟ್ಟದೆ ಹೋದರು.

ಅಂದಿನಿಂದ ಯಜಮಾನರು ನನ್ನೊಡನೆ ಮಾತು ಬಿಟ್ಟರು. ಊರಿನ ಬಾಯಿ ಮುಚ್ಚುವವರು ಯಾರು? ಗಂಡನ ಕೈಯೊಳಗಿನ ಹಾಲು ಕಸಿದವಳು ಎಂದು ಗಿರಣಿಯಲ್ಲೇ ಒಬ್ಬಳು ಪಿಸುಗುಟ್ಟಿದಳು. ಗಿರಣಿ ಬಂದ್ ಮಾಡಿ, ಎಲ್ಲರಿಗೂ ಕೇಳುವ ಹಾಗೆ, ಹೌದು ಕಸಿದೆ, ನಾಳೆಯೂ ಕಸಿಯುತ್ತೇನೆ ಎಂದೆ. ಮತ್ತೆ ಗಿರಣಿ ಚಾಲೂ ಮಾಡಿದೆ. ಹೊರಗೆ ಹೀಗೆ ಗಟ್ಟಿ. ಒಳಗೆ ಮಾತ್ರ, ಮುದುಕರನ್ನು ನೋಯಿಸಿದೆನಲ್ಲ ಎಂದು ಸಂಕಟಪಡುತ್ತಿದ್ದೆ.

ಜೊತೆಗೆ ಮೊಣಕಾಲು. ಪೇನ್ ಕಿಲ್ಲರ್ ನಿಂತ ಮೇಲೆ ಅಷ್ಟು ವರ್ಷ ಮುಚ್ಚಿಟ್ಟಿದ್ದ ನೋವೆಲ್ಲ ಒಟ್ಟಿಗೇ ಎದ್ದು ಬಂತು. ಡಾಕ್ಟರ್ ಒಪ್ಪಿದ ಬೇರೆ ಮಾತ್ರೆಯನ್ನು ಅವರು ಹೇಳಿದಷ್ಟೇ ಕೊಡುತ್ತಿದ್ದೆ. ಬಿಸಿನೀರಿನ ಶಾಖ ಕೊಡುತ್ತಿದ್ದೆ. ಸಾಲುತ್ತಿರಲಿಲ್ಲ. ಹಲ್ಲು ಕಚ್ಚಿ ಕೂರುತ್ತಿದ್ದರು. ಹಳೆಯ ಮಾತ್ರೆ ಒಂದೇ ಒಂದು ತಂದುಕೊಡು ಎಂದು ಅವರು ಕೇಳಿಬಿಟ್ಟರೆ ನಾನು ಏನು ಮಾಡುತ್ತೇನೋ ಎಂದು ನನಗೇ ಭಯ.

ಅಷ್ಟರಲ್ಲಿ ಸವಿತಾ ರಜೆಗೆ ಬಂದಳು. ಅವಳ ಬಟ್ಟೆ ಒಗೆಯಲು ಚೀಲ ಬಿಚ್ಚಿದೆ. ಬಟ್ಟೆಯ ನಡುವೆ ಅದೇ ಸ್ಟ್ರಿಪ್.

ಕೇಳಿದರೆ ಅವಳೇನೂ ಮುಚ್ಚಿಡಲಿಲ್ಲ. ಭುಜ ನೋಯುತ್ತಿತ್ತು, ಅಪ್ಪ ಕೊಟ್ಟಿದ್ದ, ಗರಡಿಯಲ್ಲಿ ಎಲ್ಲರಿಗೂ ಕೊಡುತ್ತಿದ್ದನಲ್ಲ ಎಂದಳು. ಹಾಸ್ಟೆಲಿಗೆ ಹೋದ ಮೇಲೂ ಅದನ್ನೇ ಕೊಂಡು ತಿನ್ನುತ್ತಿದ್ದಳಂತೆ. ಆ ಸ್ಟ್ರಿಪ್ ಒಯ್ದು ಯಜಮಾನರ ಮುಂದಿಟ್ಟೆ. "ಸವಿತಾನ ಚೀಲದಾಗಿತ್ತು," ಎಂದಷ್ಟೇ ಹೇಳಿದೆ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಅವರು ಅಂದು ರಾತ್ರಿ ಊಟ ಮಾಡಲಿಲ್ಲ.

ಮರುದಿನ ಮಗಳ ಹೆಗಲು ಹಿಡಿದುಕೊಂಡು ಗರಡಿಗೆ ನಡೆದರು. ಕಾಯಿಲೆ ಬಿದ್ದ ಮೇಲೆ ಅದೇ ಮೊದಲು. ನಾನು ಹಿಂದೆಯೇ ಹೋಗಿ ಹೊಸ್ತಿಲಾಚೆ ನಿಂತೆ. ಯಜಮಾನರು ಕೆಂಪುಮಣ್ಣಿನ ಅಂಚಿಗೆ ಕುಳಿತು ಎಲ್ಲರನ್ನೂ ಹತ್ತಿರ ಕರೆದರು. ಅವರದು ಯಾವಾಗಲೂ ಗದರುವ ಗಂಟಲು, ಅಂದು ಮೆತ್ತಗಾಗಿತ್ತು.

"ನಾ ನಿಮಗ ಕೊಟ್ಟ ಗುಳಿಗಿ ಯಾರ ಕಡೆ ಉಳದಾವು, ತಂದು ಇಲ್ಲಿ ಇಡ್ರಿ. ಅವು ನನ್ನ ಕಿಡ್ನಿ ತಿಂದಾವು. ನೋವು ಆದ್ರ ಕುಸ್ತಿ ಬಿಟ್ಟು ಕುಂದರ್ರಿ, ಡಾಕ್ಟರ್ ಕಡೆ ಹೋಗ್ರಿ. ನೋವು ಮುಚ್ಚಿಕೊಂಡು ಆಡೂದು ಗಂಡಸ್ತನ ಅಂತ ನಾನ ಕಲಿಸಿದ್ದೆ. ತಪ್ಪು ಕಲಿಸಿದೆ."

ಮಂದಿಯ ಎದುರು ಆ ಬಾಯಿಂದ ತಪ್ಪು ಎಂಬ ಮಾತು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮದುವೆಯ ದಿನ ಕೂಡ ನನಗೆ ಅವರ ಮೇಲೆ ಅಷ್ಟು ಪ್ರೀತಿ ಬಂದಿರಲಿಲ್ಲ. ಆಮೇಲೆ ಸಿಸ್ಟರನ್ನು ಗರಡಿಗೇ ಕರೆಸಿ ಎಲ್ಲರ ಬೀಪಿ ನೋಡಿಸಿದರು. ತಮಾಷೆಗೆಂದು ತೋಳು ಚಾಚಿದ ಇಬ್ಬರು ಹಿರಿಯರಿಗೆ ಬೀಪಿ ಇದೆಯೆಂದು ಗೊತ್ತಾಯಿತು. ಅವರಿಬ್ಬರೂ ಈಗ ಮಾತ್ರೆ ನುಂಗುತ್ತಿದ್ದಾರೆ, ಉಪ್ಪು ಕಡಿಮೆ ಮಾಡಿ ಅಂದದ್ದಕ್ಕೆ ನನ್ನನ್ನು ಬೈಯುತ್ತಿದ್ದಾರೆ. ಬೈಯಲಿ, ಬದುಕಿರಲಿ.

ಮುಂದಿನ ಸಲ ಧಾರವಾಡಕ್ಕೆ ಹೋದಾಗ ಡಾಕ್ಟರ್ ರಿಪೋರ್ಟ್ ನೋಡಿ, ಕ್ರಿಯಾಟಿನಿನ್ ಇಳಿದಿಲ್ಲ, ಏರಿಯೂ ಇಲ್ಲ, ಬೀಪಿ ಹಿಡಿತಕ್ಕೆ ಬಂದಿದೆ ಎಂದರು. ಸಂತೋಷಪಡುವುದೋ ಬೇಡವೋ ತಿಳಿಯದೆ ಅವರ ಮುಖ ನೋಡಿದೆ. ನಿಂತ ನೀರು ನಿಂತಲ್ಲೇ ಇರಲಿ, ಅದೇ ನಮಗೆ ಬೇಕಾದದ್ದು ಎಂದರು. ಒಂದು ದಿನ ಡಯಾಲಿಸಿಸ್ ಬರಬಹುದು. ಅದು ಎಲ್ಲಿ ಮಾಡುತ್ತಾರೆ, ಯಾವ ಬಸ್ಸಿಗೆ ಹೋಗಬೇಕು, ಎಲ್ಲ ವಿಚಾರಿಸಿ ಇಟ್ಟಿದ್ದೇನೆ. ಬಂದರೆ ಹೋಗುತ್ತೇವೆ. ಆ ದಿನವನ್ನು ಎಷ್ಟು ದೂರ ತಳ್ಳಲಾಗುತ್ತದೋ ಅಷ್ಟು ದೂರ ತಳ್ಳುವುದು ನನ್ನ ಕೆಲಸ. ಹಣೆಬರಹ ಎಂದು ಕೈಕಟ್ಟಿ ಕೂರುವವರಿಗೆ ನಾನು ಹೇಳುವುದಿಷ್ಟೇ: ಹಣೆಯಲ್ಲಿ ಏನು ಬರೆದಿದೆಯೋ ನನಗೆ ಕಾಣುವುದಿಲ್ಲ, ಪಾತ್ರೆಯಲ್ಲಿ ಏನು ಬೇಯುತ್ತಿದೆ ಎಂಬುದು ಕಾಣುತ್ತದೆ.

ಹೋದ ತಿಂಗಳು ಮಧ್ಯಾಹ್ನ ಗಿರಣಿಯಲ್ಲಿ ಗೋಧಿ ಬೀಸುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ತುಕಾರಾಮ ವಸ್ತಾದರು ನಿಂತಿದ್ದರು. ಗರಡಿಯಲ್ಲಿ ಶಿಷ್ಯ ಆಡಿದ ಮಾತು ಹೇಗೋ ಅವರ ಕಿವಿಗೆ ಮುಟ್ಟಿತ್ತು. ಚೀಲ ಇರಲಿಲ್ಲ. ಎರಡೂ ಕೈ ಚಾಚಿ ತೋರಿಸಿದರು.

"ಬರಿಗೈಲೆ ಬಂದೇನಿ ನೋಡವಾ."

ನನಗೆ ಅಳು ಬಂತು. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಅವರನ್ನು ಒಳಗೆ ಕರೆದುಕೊಂಡು ಹೋದೆ. ಯಜಮಾನರು ಕಷ್ಟಪಟ್ಟು ಬಗ್ಗಿ ಕಾಲು ಮುಟ್ಟಿದರು. ಇಬ್ಬರೂ ಮಂಚದ ಮೇಲೆ ಅಕ್ಕಪಕ್ಕ ಕುಳಿತರು. ಊಟದ ಹೊತ್ತಾಗಿತ್ತು. ಅಜ್ಜನಿಗೆ ಬೇರೆ ಅಡುಗೆ ಮಾಡಲು ಎದ್ದೆ. ಅವರು ತಡೆದು, ಶಿಷ್ಯನಿಗೆ ಏನು ಮಾಡಿದ್ದೀ ಎಂದು ಕೇಳಿದರು. ಅನ್ನ, ಹೀರೇಕಾಯಿ ಪಲ್ಯ, ಎರಡಕ್ಕೂ ರುಚಿಯಿಲ್ಲ ಎಂದೆ.

"ನನಗೂ ಅದನ್ನ ನೀಡು," ಎಂದರು.

ಎರಡು ತಾಟು ಇಟ್ಟು ಒಂದೇ ಪಾತ್ರೆಯಿಂದ ಇಬ್ಬರಿಗೂ ಬಡಿಸಿದೆ. ಅಜ್ಜ ಮೊದಲ ತುತ್ತು ಬಾಯಿಗಿಟ್ಟು ಶಿಷ್ಯನ ತಾಟು ನೋಡಿದರು. ಆಮೇಲೆ ನಿಧಾನವಾಗಿ ಅಗಿದು ನುಂಗಿದರು. ತಾಟು ಖಾಲಿಯಾಗುವವರೆಗೂ ಉಂಡರು. ಉಪ್ಪು ಕೇಳಲಿಲ್ಲ.