ಮಾವನ ಹಗೇವಿನ ವೈನು

ವರ್ಷದಲ್ಲಿ ಎರಡು ತಿಂಗಳು ನನ್ನ ಸೋದರಮಾವನ ಪಾದಗಳು ಕಣಕಾಲಿನವರೆಗೂ ನೇರಳೆ ಬಣ್ಣಕ್ಕಿರುತ್ತಿದ್ದವು. ಸೀಗೆಪುಡಿ ಹಾಕಿ ತಿಕ್ಕಿದರೂ ಬಿಡದು. ಬಾನಿಯಲ್ಲಿ ದ್ರಾಕ್ಷಿ ತುಳಿದು ತುಳಿದು ಹತ್ತಿದ ಬಣ್ಣ. "ಮದುಮಗಳು ಬಂದ್ಲು ನೋಡ್ರವ್ವ" ಎಂದು ಅಜ್ಜೀಪುರದ ಹೆಂಗಸರು ನಗುತ್ತಿದ್ದರು. ಮಾವನೂ ಅವರ ಜೊತೆ ನಗುತ್ತಿದ್ದ.

ಬೆಟ್ಟದ ಕಾಫಿ ತೋಟದ ದೊರೆಯ ಬಂಗಲೆಯಲ್ಲಿ ಮಾವ ಬಟ್ಲರ್ ಆಗಿದ್ದವನು. ಕೆಲಸ ಬಿಟ್ಟು ಬರುವಾಗ ದ್ರಾಕ್ಷಿ ಬಳ್ಳಿಯ ತುಂಡುಗಳನ್ನು ಕೇಳಿ ತಂದು ರಾಗಿ ಹೊಲದಲ್ಲಿ ನೆಟ್ಟ. ಹೆತ್ತವರಿಗೆ ಹೆಗ್ಗಣ ಮುದ್ದು ಅಂದರು ಊರವರು. ತುಳಿದ ರಸ ಜಾಡಿಗಳಲ್ಲಿ ಹುಳಿಯುವಾಗ ದಿನಾ ಅದಕ್ಕೆ ಕಿವಿಗೊಟ್ಟು ಕೂರುತ್ತಿದ್ದ. "ಇನ್ನೂ ಮಾತಾಡ್ತಾ ಅದೆ ಕಣ್ಲಾ ಅಳಿಯ. ಸುಮ್ನಾಗ್ಲಿ, ಆಮೇಕೆ ಮುಚ್ಚುವ." ಸದ್ದಡಗಿದ ಮೇಲೆ, ನೆಲದೊಳಗೆ ರಾಗಿ ತುಂಬಿಡುವ ಹಗೇವು ಇದೆಯಲ್ಲ, ಅದರೊಳಕ್ಕೆ ಜಾಡಿಗಳನ್ನಿಳಿಸಿ ಮೂರು ವರ್ಷ ಮುಟ್ಟುತ್ತಿರಲಿಲ್ಲ. ರಾಗಿ ಪಾಪ, ಮನೆಯೊಳಗೆ ಚೀಲದಲ್ಲಿ! ತಾನು ಮಾತ್ರ ಕುಡಿದವನಲ್ಲ. ರುಚಿ ನೋಡಿ ಉಗಿಯುತ್ತಿದ್ದ.

ಮೊದಲ ಸೀಸೆಯನ್ನು ದೊರೆ ನಾಯಿಗೂ ಬೇಡವೆಂದು ವಾಪಸು ಕಳಿಸಿದ. ಕೆಲವು ವರ್ಷ ಕಳೆದ ಮೇಲೆ ಅದೇ ದೊರೆ ಹಡಗಿನಲ್ಲಿ ಬಂದ ಸರಕನ್ನು ಬದಿಗಿಟ್ಟು ಮಾವನದನ್ನೇ ಅತಿಥಿಗಳ ಮುಂದಿಡತೊಡಗಿದ. ಊಟಿಯಿಂದ, ಮದರಾಸಿನಿಂದ ಕೇಳಿಕೊಂಡು ಬಂದರು. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಬೇಕಲ್ಲ! ನಾವಾಗ ಮದರಾಸು ಪ್ರಾಂತ್ಯಕ್ಕೆ ಸೇರಿದವರು; ಅಲ್ಲಿಯ ಪಾನನಿಷೇಧ ನಮ್ಮ ಮೇಲೂ ಬಿತ್ತು.

ನಾನು ಕೊಳ್ಳೇಗಾಲದಲ್ಲಿ ಸರ್ಕಾರಿ ಗುಮಾಸ್ತನಾಗಿದ್ದೆ. ತಂದೆಯಿಲ್ಲದ ನನ್ನನ್ನು ಸಾಕಿ ಓದಿಸಿದವನು ಮಾವನೇ. ಸುದ್ದಿ ಕೇಳಿದವನೇ ಓಡಿದೆ.

"ಯಳಂದೂರು ಮೈಸೂರು ಸೀಮೆ ಮಾವ, ಈ ಕಾನೂನು ಅಲ್ಲಿಲ್ಲ. ಜಾಡಿಗಳನ್ನ ಅಲ್ಲಿಗೆ ಸಾಗಿಸು."

"ಗಾಡಿ ಮೇಲೆ ಕುಲುಕುದ್ರೆ ಕೆಟ್ಟೋಯ್ತದೆ ಕಣ್ಲಾ."

"ಹಂಗಾದ್ರೆ ಯಾರಾದ್ರೂ ಬಂದು ಕೇಳಿದ್ರೆ, ಕಾನೂನಿಗೆ ಮುಂಚೆ ಕೊಂಡಿಟ್ಟದ್ದು ಅಂದ್ಬುಡು. ಅಷ್ಟೇ ಸಾಕು."

"ಆಗ್ಲಿ ಬುಡು" ಅಂದ.

ತನಿಖೆಗೆ ಬಂದ ಅಧಿಕಾರಿ ಮಹಜರು ಬರೆಯಲು ಕರೆದೊಯ್ದದ್ದು ನನ್ನನ್ನೇ. ನನ್ನ ಗ್ರಹಚಾರ! ನೆಂಟನೆಂದು ಬಾಯಿಬಿಟ್ಟರೆ ಕೆಲಸಕ್ಕೆ ಸಂಚಕಾರವೆಂದು ತೆಪ್ಪಗೆ ಕೂತೆ. ಪಂಚರಾಗಿ ನಿಂತ ಊರವರೂ ತುಟಿ ಪಿಟಕ್ಕೆನ್ನಲಿಲ್ಲ. ಅಧಿಕಾರಿ ಒಂದು ಗುಟುಕು ನಾಲಿಗೆಯ ಮೇಲಿಟ್ಟುಕೊಂಡು ಹುಬ್ಬೇರಿಸಿದ.

"ಇದು ಫ್ರಾನ್ಸಿನ ಮಾಲು. ಮೊದಲೇ ಕೊಂಡಿಟ್ಟಿದ್ದು ತಾನೇ? ಹೂಂ ಅನ್ನು, ಚೆಲ್ಲಿಸಿ ನಿನ್ನ ಬಿಟ್ಟು ಹೋಗ್ತೀನಿ. ಈ ಬೆಂಗಾಡಲ್ಲಿ ಇಂಥದ್ದು ಎಲ್ಲಿ ಆಗುತ್ತೆ?"

ನಾನು ಕಣ್ಣಲ್ಲೇ ಬೇಡಿಕೊಂಡೆ. ಮಾವ ಎದೆ ಸೆಟೆಸಿದ.

"ಯಾವ ಫ್ರಾನ್ಸು ಸಾ? ಇದೇ ಮಣ್ಣು, ಇದೇ ಬಳ್ಳಿ. ತುಳುದೋನು ನಾನು. ಬರ್ಕಳಿ."

ಬರೆದುಕೊಂಡೆ. ಜಾಡಿಗಳನ್ನೆಲ್ಲ ಹೊಲದಲ್ಲೇ ಒಡೆದರು. ಆರು ತಿಂಗಳು ಜೈಲಾಯಿತು. ವಾಪಸು ಬಂದವನು ಬಳ್ಳಿಗಳನ್ನು ತಾನೇ ಬುಡಸಮೇತ ಕಿತ್ತು, ಎಲ್ಲರಂತೆ ರೇಷ್ಮೆಹುಳುವಿಗೆ ಹಿಪ್ಪುನೇರಳೆ ನೆಟ್ಟ. ಮರುವರ್ಷ ಹೋಗಿಬಿಟ್ಟ. ಅಜ್ಜೀಪುರದಲ್ಲಿ ಅಂಥ ವೈನು ಆಗುತ್ತಿತ್ತೆಂದರೆ ಈಗ ಪಕ್ಕದ ಹನೂರಿನವರೇ ನಂಬುವುದಿಲ್ಲ. ತೋರಿಸಲು ನನ್ನ ಹತ್ತಿರ ಒಂದು ಸೀಸೆಯೂ ಇಲ್ಲ.

ಆ ದಿನದ ಇನ್ನೊಂದು ಮಾತನ್ನು ನನ್ನ ಹೆಂಡತಿಗೂ ಹೇಳಿಲ್ಲ. ನಾನು ಕಣ್ಣಲ್ಲಿ ಬೇಡಿಕೊಂಡದ್ದನ್ನು ಅಧಿಕಾರಿ ಕಂಡಿದ್ದ. "ಈ ಗುಮಾಸ್ತ ನಿನಗೇನಾಗಬೇಕು?" ಎಂದು ಮಾವನನ್ನು ಕೇಳಿದ. ತನ್ನ ವೈನಿಗಾಗಿ ಒಂದು ಸುಳ್ಳು ಹೇಳಲಾರದೆ ಹೋದವನು ತಟ್ಟನೆ ಅಂದ: "ಯಾರೋ ಕಾಣೆ ಸಾ. ಇವತ್ತೇ ನೋಡ್ತಿರದು."

ಅದನ್ನೂ ಬರೆದುಕೊಂಡೆ. 'ಓದಿ ಹೇಳಲಾಗಿ ಸರಿಯೆಂದು ಒಪ್ಪಿದ' ಎಂದು ಕೆಳಗೆ ಸೇರಿಸಿ, ಅವನ ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿಸಿದೆ.